ರಿಮ್‌ಗೂ ರಬ್ಬರ್‌ಗೂ ನಡುವೆ ಎರಡು ಮಿಲಿಮೀಟರ್

ಸೈಕ್ಲೋಕ್ರಾಸ್ ಅಂದ್ರೆ ಏನು ಅಂತ ನಮ್ಮ ಕ್ಲಾಸಲ್ಲಿ ಕೇಳಿದಾಗ ಬಂದ ಮೊದಲ ಉತ್ತರ, "ಜಿಮ್ಮಲ್ಲಿ ಇರುತ್ತಲ್ಲ ಮಗಾ, ಅದು." ಅದಲ್ಲ. ಯುರೋಪಿನಲ್ಲಿ ಚಳಿಗಾಲದ ಹೊತ್ತು ನಡೆಯುವ ಒಂದು ಸೈಕಲ್ ರೇಸು ಇದು. ಹುಲ್ಲು, ಮರಳು, ಕೆಸರು, ದಿಬ್ಬ ಎಲ್ಲ ಸೇರಿಸಿ ಎರಡು ಮೂರು ಕಿಲೋಮೀಟರಿನ ಒಂದು ಸುತ್ತು ಮಾಡ್ತಾರೆ, ಅದನ್ನೇ ಸುಮಾರು ಒಂದು ಗಂಟೆ ಸುತ್ತಬೇಕು. ನಡುವೆ ಹಲಗೆ ಅಡ್ಡ ಇಟ್ಟಿರ್ತಾರೆ. ಅಲ್ಲಿ ಇಳಿದು ಸೈಕಲ್ಲನ್ನು ಎತ್ತಿಕೊಂಡು ಓಡಬೇಕು. ಫ್ರಾನ್ಸಿನಲ್ಲಿ 1902ರಲ್ಲೇ ಇದರ ರಾಷ್ಟ್ರೀಯ ಚಾಂಪಿಯನ್‌ಶಿಪ್ ನಡೆದಿತ್ತು. ವಿಶ್ವ ಚಾಂಪಿಯನ್‌ಶಿಪ್ ಶುರುವಾಗಿದ್ದು 1950ರಲ್ಲಿ. ಸೈಕಲ್ ನೋಡೋಕೆ ರೇಸ್ ಸೈಕಲ್ ಥರಾನೇ, ಅದೇ ಬಾಗಿದ ಹ್ಯಾಂಡಲ್ಲು. ಆದರೆ ಟೈರಿಗೆ ಹಲ್ಲುಗಳಿರುತ್ತವೆ, ಕೆಸರು ಮೆತ್ತಿಕೊಂಡರೂ ಚಕ್ರ ತಿರುಗಲಿ ಅಂತ ಫೋರ್ಕಿನಲ್ಲಿ ಜಾಗ ಬಿಟ್ಟಿರ್ತಾರೆ.

ಶಿಡ್ಲಘಟ್ಟದ ಕಡೆಯವರಿಗೆ ಇದರಲ್ಲಿ ಆಶ್ಚರ್ಯ ಪಡೋಕೆ ಏನೂ ಇಲ್ಲ. ಸೆಪ್ಟೆಂಬರ್, ಅಕ್ಟೋಬರ್ ಮಳೆ ಹೊಡೆದ ಮೇಲೆ ಹಿಪ್ಪುನೇರಳೆ ತೋಟದ ಬಂಡಿ ದಾರಿಯಲ್ಲಿ ಸೈಕಲ್ಲನ್ನು ಹೆಗಲಿಗೇರಿಸಿಕೊಂಡು ಹೋಗೋದು ಇಲ್ಲಿ ರೇಸಲ್ಲ, ಡೇರಿಗೆ ಹಾಲು ಹಾಕಿಬರುವ ದಾರಿ ಅಷ್ಟೆ.

ನಮ್ಮ ಕೈಗೆ ಇಂಥದೊಂದು ಸೈಕಲ್ ಬಂದಿದ್ದು ಹೋದ ವರ್ಷ ಆಗಸ್ಟಲ್ಲಿ. ನಾವು ಅಂದ್ರೆ ನಾಲ್ಕು ಜನ. ಮೂವರು ಹಾಸ್ಟೆಲ್ಲಿನವರು, ಒಬ್ಬ ಶಿಡ್ಲಘಟ್ಟದ ಪಕ್ಕದ ಹಳ್ಳಿಯಿಂದ ದಿನಾ ಬಂದು ಹೋಗುವವನು. ಬೆಂಗಳೂರಲ್ಲಿ ಒಬ್ಬರು ಹಳೇ ಸೈಕಲ್ ಮಾರ್ತಿದ್ದರು. ಫ್ರೇಮು, ಫೋರ್ಕು, ಎರಡು ಚಕ್ರ, ಹ್ಯಾಂಡಲ್ಲು, ಬ್ರೇಕು ಗೇರು ಎರಡೂ ಒಂದರಲ್ಲೇ ಇರುವ ಲಿವರ್‌ಗಳು. ಬ್ರೇಕ್ ಮಾತ್ರ ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಅದಕ್ಕೇ ಅಗ್ಗ. ನಾಲ್ವರೂ ದುಡ್ಡು ಸೇರಿಸಿದ್ವಿ. ಸೈಕಲ್ ಓಡಿಸುವವನು ಹಳ್ಳಿಯವನು ಅಂತ ಮೊದಲೇ ತೀರ್ಮಾನ ಆಗಿತ್ತು. ಅವನ ದಾರಿ ಹೀಗೆ: ಮನೆಯಿಂದ ಮೂರು ಕಿಲೋಮೀಟರ್ ತೋಟದ ನಡುವೆ ಮಣ್ಣಿನ ದಾರಿ, ಅದರಲ್ಲಿ ಒಂದಷ್ಟು ಕೆರೆ ಏರಿ. ಆಮೇಲೆ ಡಾಂಬರು ರಸ್ತೆಗೆ ಬಿದ್ದು ಇಳಿಜಾರಲ್ಲಿ ಶಿಡ್ಲಘಟ್ಟ ಬಸ್ ಸ್ಟ್ಯಾಂಡ್. ಅಲ್ಲಿಂದ ಬಸ್ಸು. ಆ ಡಾಂಬರಿನಲ್ಲಿ ಬೆಳಗ್ಗೆ ರೇಷ್ಮೆ ಗೂಡಿನ ಮಾರುಕಟ್ಟೆಗೆ ಹೋಗುವ ಟೆಂಪೋ, ಆಟೋ, ಬೈಕು ಎಲ್ಲವೂ ಓಡ್ತಿರ್ತವೆ, ಎಲ್ಲರಿಗೂ ಅವಸರ.

ಯಾರಿಗೆ ಹೇಳಿದರೂ ಮೊದಲು ಕೇಳುವ ಪ್ರಶ್ನೆ, "ಡಿಸ್ಕ್ ಹಾಕ್ಸಿ, ಈಗ ಯಾರ್ರೀ ರಿಮ್ ಬ್ರೇಕ್ ಹಾಕ್ತಾರೆ?" ಸರಿಯಾದ ಪ್ರಶ್ನೆಯೇ. ಸೈಕ್ಲೋಕ್ರಾಸ್ ರೇಸಿಗೆ ಡಿಸ್ಕ್ ಬ್ರೇಕನ್ನು ಯುಸಿಐ ಒಪ್ಪಿಕೊಂಡಿದ್ದು 2010ರಲ್ಲಿ. ಅದಾದ ಮೇಲೆ ಹೊಸ ಸೈಕಲ್‌ಗಳು ಒಂದೊಂದಾಗಿ ಡಿಸ್ಕಿಗೆ ಹೋದವು, ರಿಮ್ ಬ್ರೇಕಿನ ಹಳೇ ಫ್ರೇಮುಗಳು ಮೂಲೆ ಸೇರಿದವು. ನಮ್ಮಂಥವರಿಗೆ ಕಡಿಮೆ ದುಡ್ಡಿಗೆ ಸಿಗೋದೂ ಅದರಿಂದಲೇ. ಡಿಸ್ಕ್ ಬೇಕು ಅಂದ್ರೆ ಹಬ್ಬು, ಫೋರ್ಕು, ಚಕ್ರ ಎಲ್ಲ ಬದಲಿಸಬೇಕು. ಅಂದ್ರೆ ಬೇರೆ ಸೈಕಲ್ಲೇ ತಗೊಂಡ ಹಾಗೆ.

"ಫೋರ್ಕಿಗೆ ಒಂದು ಪ್ಲೇಟ್ ವೆಲ್ಡ್ ಮಾಡಿಸಿಬಿಟ್ರೆ?" ಅಂತ ನಮ್ಮಲ್ಲೇ ಒಬ್ಬ ಕೇಳಿದ. ವರ್ಕ್‌ಶಾಪಿನ ವಾಸನೆ ಹತ್ತಿದ ಎಲ್ಲರಿಗೂ ಬರುವ ಯೋಚನೆ ಇದು. ಲೆಕ್ಕ ಹಾಕಿದ ಮೇಲೆ ಅವನೇ ಸುಮ್ಮನಾದ. 700ಸಿ ರಿಮ್ಮಿನಲ್ಲಿ ಬ್ರೇಕ್ ರಬ್ಬರ್ ಕೂರುವ ಜಾಗ ಆಕ್ಸಲ್‌ನಿಂದ 310 ಮಿ.ಮೀ. ಆಸುಪಾಸು ದೂರ. 160 ಮಿ.ಮೀ. ಡಿಸ್ಕಿನ ತ್ರಿಜ್ಯ 80. ಚಕ್ರಕ್ಕೆ ಅದೇ ಟಾರ್ಕ್ ಕೊಡಬೇಕಾದರೆ ಡಿಸ್ಕಿನ ಅಂಚಲ್ಲಿ ಹೆಚ್ಚುಕಡಿಮೆ ನಾಲ್ಕು ಪಟ್ಟು ಘರ್ಷಣೆ ಬಲ ಬೇಕು. ಆ ಬಲವೆಲ್ಲ ಫೋರ್ಕಿನ ಒಂದೇ ಕಾಲಿನ ಕೆಳತುದಿಗೆ ಬೀಳುತ್ತೆ. ರಿಮ್ ಬ್ರೇಕಿಗೆ ಅಂತ ಮಾಡಿದ ಫೋರ್ಕಿನಲ್ಲಿ ಆ ತುದಿಯೇ ಅತಿ ಸಣ್ಣ. ಒಂದು ದಿನ ಇಳಿಜಾರಲ್ಲಿ ಅದು ಮುರಿದರೆ ಹಲ್ಲು ಹುಡುಕೋಕೆ ನಾವೇ ಹೋಗಬೇಕು. ಹಾಗೆ ನೋಡಿದರೆ ರಿಮ್ ಬ್ರೇಕ್ ಅನ್ನೋದೂ ಒಂದು ದೊಡ್ಡ ಡಿಸ್ಕ್ ಬ್ರೇಕೇ, ಚಕ್ರವೇ ಡಿಸ್ಕು.

ಹಾಗಾಗಿ ರಿಮ್ ಬ್ರೇಕೇ ಸರಿ, ಯಾವುದು ಅನ್ನೋದು ಮುಂದಿನ ಮಾತು. ಫ್ರೇಮಿನಲ್ಲಿ ರಿಮ್ಮಿನ ಎರಡೂ ಪಕ್ಕಕ್ಕೆ ಬೆಸೆದ ಗೂಟಗಳಿದ್ದವು. ಅದಕ್ಕೆ ಮೂರು ಜಾತಿಯ ಬ್ರೇಕ್ ಕೂರುತ್ತೆ. ಒಂದು, ಹಳೇ ಕ್ಯಾಂಟಿಲಿವರ್: ಎರಡು ತೋಳುಗಳು ಹೊರಗೆ ಚಾಚಿಕೊಂಡಿರ್ತವೆ, ಅವುಗಳ ನಡುವೆ ಅಡ್ಡ ಕೇಬಲ್, ಅದರ ನಡುಮಧ್ಯವನ್ನು ಕೊಕ್ಕೆ ಹಾಕಿ ಮೇಲಕ್ಕೆ ಎಳೆಯೋದು. ಎರಡು, ವಿ-ಬ್ರೇಕ್: ನಮ್ಮ ಕ್ಯಾಂಪಸ್ಸಿನ ಸೈಕಲ್ ಸ್ಟ್ಯಾಂಡಲ್ಲಿ ನಿಂತಿರುವ ಗೇರ್ ಸೈಕಲ್ಲುಗಳಲ್ಲಿ ಇರೋದು ಹೆಚ್ಚಾಗಿ ಇದೇ, ನೆಟ್ಟಗೆ ನಿಂತ ಉದ್ದ ತೋಳು, ಕೇಬಲ್ ಅಡ್ಡಕ್ಕೆ ಹೋಗುತ್ತೆ. 1990ರ ದಶಕದ ನಡುವಿನಲ್ಲಿ ಶಿಮಾನೊ ಇದನ್ನು ಎಲ್ಲ ಕಡೆ ಹಬ್ಬಿಸಿತು. ಮೂರು, ಮಿನಿ ವಿ-ಬ್ರೇಕ್: ಅದೇ ವಿ, ತೋಳು ಗಿಡ್ಡ.

ಸೈಕ್ಲೋಕ್ರಾಸ್ ಅಂದ ಮೇಲೆ ಕ್ಯಾಂಟಿಲಿವರ್ರೇ ಹಾಕಬೇಕು ಅನ್ನೋದು ನಮ್ಮ ಮೊದಲ ಅಭಿಪ್ರಾಯ. ದಶಕಗಳ ಕಾಲ ಬೆಲ್ಜಿಯಂ, ಫ್ರಾನ್ಸ್, ಹಾಲೆಂಡಿನ ರೇಸುಗಾರರು ಅದನ್ನೇ ಹಾಕಿದ್ದಾರೆ. ಮಾತು ತಿರುಗಿದ್ದು ಶಿಡ್ಲಘಟ್ಟದಲ್ಲಿ, ಸೈಕಲ್ ಶಾಪಿನ ಭಾಯ್ ಕೇಳಿದ ಒಂದು ಪ್ರಶ್ನೆಯಿಂದ. ಫ್ರೇಮನ್ನು ತಲೆಕೆಳಗು ನಿಲ್ಲಿಸಿ ಚಕ್ರ ತಿರುಗಿಸ್ತಾ ಕೇಳಿದರು, "ಓಡ್ಸೋನು ಯಾರಪ್ಪಾ ನಿಮ್ಮಲ್ಲಿ? ಕೈ ತೋರ್ಸು."

ಅವನು ಕೈ ತೋರಿಸಿದ. ಆ ಕೈ ಬಗ್ಗೆ ಇಲ್ಲಿ ಸ್ವಲ್ಪ ಹೇಳಲೇಬೇಕು.

ಅವರ ಮನೆ ಹಿಂದೆ ರೇಷ್ಮೆ ನೂಲು ತೆಗೆಯುವ ಸಣ್ಣ ಶೆಡ್ಡಿದೆ. ಗೂಡನ್ನು ಬಿಸಿ ನೀರಿನಲ್ಲಿ ಬೇಯಿಸಿದರೆ ಎಳೆಗಳನ್ನು ಅಂಟಿಸಿಕೊಂಡಿರುವ ಗೋಂದು ಸಡಿಲವಾಗುತ್ತೆ. ಆಗ ಬೇಸಿನ್ನಿನ ಬಿಸಿ ನೀರಿನಲ್ಲಿ ಬೆರಳಾಡಿಸಿ ಪ್ರತಿ ಗೂಡಿನ ಎಳೆಯ ತುದಿ ಹುಡುಕಬೇಕು, ಒಂದಷ್ಟು ಎಳೆ ಸೇರಿಸಿ ಒಂದು ದಾರ ಮಾಡಿ ರಾಟೆಗೆ ಕೊಡಬೇಕು. ಎಳೆ ತುಂಡಾದರೆ ಮತ್ತೆ ಬೆರಳು ನೀರಿಗೆ. ಅವರಪ್ಪ ಗೂಡಿನ ಹರಾಜಿಗೆ ಹೋಗುವ ದಿನಗಳಲ್ಲಿ ಬೆಳಗ್ಗೆ ಐದರಿಂದ ಏಳರವರೆಗೆ ಬೇಸಿನ್ ಮುಂದೆ ಕೂರೋದು ಇವನು. ಏಳೂಕಾಲಿಗೆ ಸೈಕಲ್ಲು. ಆ ಹೊತ್ತಿಗೆ ಬೆರಳ ತುದಿ ನೀರು ಕುಡಿದು ಬೆಳ್ಳಗೆ ಸುಕ್ಕಾಗಿರುತ್ತೆ, ಅಲ್ಲಲ್ಲಿ ಚರ್ಮ ಸುಲಿದಿರುತ್ತೆ. ಗ್ಲೋವ್ಸ್ ಹಾಕ್ಕೊಳ್ಳೋ ಅಂದ್ವಿ. "ಗ್ಲೋವ್ಸ್ ಹಾಕ್ಕೊಂಡ್ರೆ ಎಳೆ ಸಿಗಲ್ಲ ಕಣ್ರೋ" ಅಂದ. ಕ್ಲಾಸಲ್ಲಿ ಅವನು ಬೆಳಗಿನ ಮೊದಲ ಪೀರಿಯಡ್ ನೋಟ್ಸ್ ಯಾಕೆ ಬರೀತಿರಲಿಲ್ಲ ಅಂತ ನಮಗೆ ಆವತ್ತು ಗೊತ್ತಾಯ್ತು. ಎರಡು ವರ್ಷ ಅವನ ಪಕ್ಕದ ಬೆಂಚಲ್ಲೇ ಕೂತಿದ್ದೆವು.

ಅವನ ಕೈ ಹಿಡಿತ ನೋಡೋಣ ಅಂತ ಲ್ಯಾಬಿನ ಸ್ಪ್ರಿಂಗ್ ಬ್ಯಾಲೆನ್ಸನ್ನು ಲಿವರಿಗೆ ಕಟ್ಟಿ ಎಳೆಸಿದ್ವಿ. ಒಂದು ಸಂಜೆ, ಆಮೇಲೆ ಬೇಸಿನ್ ಕೆಲಸ ಮುಗಿಸಿದ ಒಂದು ಬೆಳಗ್ಗೆ. ಸಂಜೆ ಎಳೆದದ್ದರ ಮುಕ್ಕಾಲು ಪಾಲೂ ಬೆಳಗ್ಗೆ ಬರಲಿಲ್ಲ. ಬಲಗೈಯಲ್ಲಿ ಇನ್ನೂ ಕಡಿಮೆ.

ಈಗ ಲೆಕ್ಕ. ಗಾಬರಿ ಬೇಡ, ಎಸ್ಸೆಸ್ಸೆಲ್ಸಿ ಮಟ್ಟದ್ದೇ. ನಮ್ಮ ಲಿವರ್ ಪೂರ್ತಿ ಒತ್ತಿದರೆ ಕೇಬಲ್ 12 ಮಿ.ಮೀ. ಜರುಗುತ್ತೆ, ವರ್ನಿಯರ್ ಇಟ್ಟು ನೋಡಿದ್ದು. ವಿ-ಬ್ರೇಕಿನ ತೋಳು ಗೂಟದಿಂದ ಕೇಬಲ್ಲಿನವರೆಗೆ 105 ಮಿ.ಮೀ., ಗೂಟದಿಂದ ರಬ್ಬರಿನವರೆಗೆ 28. ಕೇಬಲ್ಲಿನ ಬಲ ರಬ್ಬರಿನಲ್ಲಿ 105 ಭಾಗಿಸು 28, ಅಂದ್ರೆ 3.75 ಪಟ್ಟು ಆಗುತ್ತೆ. ಕೇಬಲ್ಲಿನ 12 ಮಿ.ಮೀ. ಎರಡು ತೋಳಿಗೂ ಹಂಚಿ ತಲಾ 6, ಅದನ್ನು 3.75ರಿಂದ ಭಾಗಿಸಿದರೆ ಒಂದೊಂದು ರಬ್ಬರ್ 1.6 ಮಿ.ಮೀ. ಮಾತ್ರ ಜರುಗುತ್ತೆ. ಮಿನಿ ವಿ: ತೋಳು 85 ಮಿ.ಮೀ., ಬಲ 3 ಪಟ್ಟು, ರಬ್ಬರಿನ ಚಲನೆ 2 ಮಿ.ಮೀ. ಕ್ಯಾಂಟಿಲಿವರಿನಲ್ಲಿ ಅಡ್ಡ ಕೇಬಲ್ಲಿನ ಕೋನ ನೋಡಬೇಕು. ಕೇಬಲ್ಲಿನ ಎರಡು ಕಾಲುಗಳೂ ಲಂಬರೇಖೆಗೆ 45 ಡಿಗ್ರಿ ಇದ್ದಾಗ, ನಾವು ನೋಡಿದ ತೋಳಿಗೆ ಬಲ ಒಂದೂವರೆ ಪಟ್ಟು, ಚಲನೆ 4 ಮಿ.ಮೀ. ಕೊಕ್ಕೆಯನ್ನು ಕೆಳಗಿಳಿಸಿ ಕೋನ 60 ಮಾಡಿದರೆ ಬಲ 2.1 ಪಟ್ಟು, ಚಲನೆ 2.8.

ಪ್ರತಿ ಬ್ರೇಕಿಗೂ ಬಲವನ್ನು ಚಲನೆಯಿಂದ ಗುಣಿಸಿ ನೋಡಿ. ಎಲ್ಲದಕ್ಕೂ 6 ಬರುತ್ತೆ. ಕೇಬಲ್ಲಿನ 12ರ ಅರ್ಧ. ಬ್ರೇಕ್ ಯಾವುದೇ ಆಗಲಿ, ಎಷ್ಟು ದುಡ್ಡೇ ಕೊಡಿ, ಕೈ ಹಾಕಿದ ಕೆಲಸಕ್ಕಿಂತ ಹೆಚ್ಚು ಅದು ಹಿಂದಿರುಗಿಸಲ್ಲ. ಬಲ ಜಾಸ್ತಿ ಬೇಕು ಅಂದ್ರೆ ಚಲನೆ ಬಿಟ್ಟುಕೊಡಬೇಕು. ಫಸ್ಟ್ ಸೆಮ್ಮಿನಲ್ಲಿ ಎರಡು ಮಾರ್ಕ್ಸಿಗೆ ಬರೆದ ಮಾತೇ ಇದು, ಆದರೆ ಅಲ್ಲಿ ಚಲನೆ ಬಿಟ್ಟುಕೊಟ್ಟರೆ ಏನು ಕಳ್ಕೋತೀವಿ ಅಂತ ಯಾರೂ ಹೇಳಿರಲಿಲ್ಲ.

ಕಳ್ಕೊಳ್ಳೋದು ಕೆಸರಿನ ಜಾಗ. ರಬ್ಬರ್ 1.6 ಮಿ.ಮೀ. ಮಾತ್ರ ಜರುಗುತ್ತೆ ಅಂದ್ರೆ ಅದನ್ನು ರಿಮ್ಮಿಗೆ ಅದಕ್ಕಿಂತ ಹತ್ತಿರ ಇಡಬೇಕು. ಕೇಬಲ್ ಹಿಗ್ಗೋದು, ರಬ್ಬರ್ ಅಮುಕಿಕೊಳ್ಳೋದು ಅಂತ ಒಂದಷ್ಟು ಹೋಗುತ್ತೆ, ಹಾಗಾಗಿ ಅಂತರ ಒಂದು ಮಿ.ಮೀ. ಒಳಗೇ. ಕೆರೆ ಮಣ್ಣು ಹೊಡೆಸಿದ ತೋಟದ ಪಕ್ಕದ ದಾರಿಯಲ್ಲಿ ಮಳೆ ಬಂದಾಗ ಹೋಗಿ ನೋಡಿ: ಹತ್ತು ಸುತ್ತಿಗೆ ರಿಮ್ಮು ಕಾಣಲ್ಲ. ಒಂದು ಮಿ.ಮೀ. ಅಂತರದಲ್ಲಿ ಆ ಗೋಡು ಮಣ್ಣು ಸಿಕ್ಕಿಕೊಂಡರೆ ಬ್ರೇಕ್ ಹಾಕದೇ ಬ್ರೇಕ್ ಹಿಡಿದಿರುತ್ತೆ. ಮಣ್ಣಲ್ಲಿರುವ ಮರಳು ಅಲ್ಯೂಮಿನಿಯಂ ರಿಮ್ಮನ್ನು ಅರ ಹಾಕಿದ ಹಾಗೆ ತೇಯುತ್ತೆ. ಜೊತೆಗೆ ರಿಮ್ಮು ಅರ್ಧ ಮಿ.ಮೀ. ಬೆಂಡಾದರೂ ಉಜ್ಜೋಕೆ ಶುರು.

ಈಗ ಬೆಲ್ಜಿಯಂನವರು ಕ್ಯಾಂಟಿಲಿವರನ್ನು ಯಾಕೆ ಇಷ್ಟಪಟ್ಟರು ಅಂತ ಗೊತ್ತಾಯ್ತಲ್ಲ. ಅವರಿಗೆ ಕೆಸರಿನ ಜಾಗ ಮುಖ್ಯ. ಬಲ ಕಡಿಮೆ ಆದರೂ ನಡೆಯುತ್ತೆ, ಯಾಕೆಂದ್ರೆ ಆ ರೇಸಲ್ಲಿ ಯಾರೂ ಟೆಂಪೋ ಹಿಂದೆ ಗಕ್ಕನೆ ನಿಲ್ಲಬೇಕಾಗಿಲ್ಲ. ತಿರುವಿಗೆ ಮುಂಚೆ ಸ್ವಲ್ಪ ವೇಗ ಕಳೆದರೆ ಸಾಕು. ಚೆನ್ನಾಗಿ ಊಟ ಮಾಡಿ ಒಂದು ಗಂಟೆ ಓಡಿಸುವ ಗಟ್ಟಿ ಕೈ ಅವರದು. ಇವನಿಗೆ ಮೊದಲ ಮೂರು ಕಿಲೋಮೀಟರ್ ಬೆಲ್ಜಿಯಂ, ಆಮೇಲಿನದು ಶಿಡ್ಲಘಟ್ಟದ ರಸ್ತೆ, ಎರಡಕ್ಕೂ ಬೇಸಿನ್ನಿನಿಂದ ಎದ್ದುಬಂದ ಅದೇ ಕೈ.

"ಹ್ಯಾಂಡಲ್ ಬದಲಾಯಿಸಿ ನೆಟ್ಟಗಿರೋದು ಹಾಕೋಣ, ವಿ-ಬ್ರೇಕ್ ಲಿವರ್ ಹಾಕೋಣ, ಮುಗೀತಲ್ಲ" ಅನ್ನೋ ಸಲಹೆಯೂ ಬಂತು. ಆ ಲಿವರ್ ಕೇಬಲ್ಲನ್ನು ಸುಮಾರು ಎರಡು ಪಟ್ಟು ಎಳೆಯುತ್ತೆ ನಿಜ. ಆದರೆ ಎರಡು ಪಟ್ಟು ಎಳೆಯೋ ಲಿವರ್ ಅರ್ಧದಷ್ಟೇ ಬಲ ಕೊಡುತ್ತೆ. ನಮ್ಮ ಲೆಕ್ಕದಲ್ಲಿ 3.75 ಇದ್ದದ್ದು 1.9 ಆಗುತ್ತೆ, ಚಲನೆ 3.2. ಗುಣಿಸಿದರೆ ಮತ್ತದೇ 6. ಒಳ್ಳೆ ಕ್ಯಾಂಟಿಲಿವರ್ ಹಾಕಿದ ಹಾಗೇ ಆಯ್ತು, ಮೇಲೆ ಗೇರಿನ ಲಿವರಿಗೂ ಬೇರೆ ದುಡ್ಡು. ಬೇಡ ಅಂದ್ವಿ. ಮನೆಯಲ್ಲಿ ಬೇರೆಯವರೂ ಓಡಿಸುತ್ತಾರೆ, ಕೈಯಲ್ಲಿ ಬಲವಿದೆ ಅನ್ನುವವರು ಇದನ್ನೇ ಮಾಡಬಹುದು. ಬಿಡಿಭಾಗ ಎಲ್ಲ ಅಂಗಡಿಯಲ್ಲೂ ಸಿಗುತ್ತೆ, ಅದು ಸಣ್ಣ ಅನುಕೂಲವಲ್ಲ.

ಭಾಯ್‌ಗೆ ನಮ್ಮ ಈ ಕಾಗದ ಪೆನ್ನು ನೋಡಿ ನಗು. ಅವರ ಅಂಗಡಿ ಮುಂದೆ ನಿಂತಿದ್ದ ಹಳೇ ಕಪ್ಪು ಸೈಕಲ್ ತೋರಿಸಿದರು. ರಾಡ್ ಬ್ರೇಕಿನದು, ಹಿಂದೆ ಕ್ಯಾರಿಯರಿಗೆ ಸೊಪ್ಪಿನ ಹೊರೆ ಕಟ್ಟುವ ಹಗ್ಗ ಇನ್ನೂ ಇತ್ತು. "ಇದ್ರಲ್ಲಿ ರಬ್ಬರ್ ಪಕ್ಕಕ್ಕೆ ಹಿಡಿಯಲ್ಲಪ್ಪಾ, ಒಳಗಿಂದ ಹಿಡಿಯುತ್ತೆ. ರಿಮ್ ಆ ಕಡೆ ಈ ಕಡೆ ಬೆಂಡಾದ್ರೂ ಇದಕ್ಕೆ ಲೆಕ್ಕಕ್ಕಿಲ್ಲ." ನಿಜವೇ. ರಾಡ್ ಬ್ರೇಕಿನಲ್ಲಿ ಸಲಾಕೆಗಳು ರಬ್ಬರನ್ನು ಮೇಲಕ್ಕೆ, ರಿಮ್ಮಿನ ಒಳಮೈಗೆ ಎಳೆಯುತ್ತವೆ. ಕೇಬಲ್ಲೇ ಇಲ್ಲ, ತುಕ್ಕು ಹಿಡಿದು ಬಿಗಿಯೋ ಮಾತಿಲ್ಲ. ಗುಂಡಿ ಬಿದ್ದ ರಸ್ತೆಗೆ, ಬೆಂಡಾಗೇ ಇರುವ ಚಕ್ರಕ್ಕೆ ಯೋಚನೆ ಮಾಡಿ ಮಾಡಿದ ವಿನ್ಯಾಸ ಅದು. ಆದರೆ ಆ ರಿಮ್ಮು ಉಕ್ಕಿನದು, ಮೇಲೆ ಹೊಳಪಿನ ಲೇಪ. ಒದ್ದೆಯಾದರೆ ರಬ್ಬರ್ ಜಾರುತ್ತೆ. ಮಳೆಗಾಲದಲ್ಲಿ ಆ ಸೈಕಲ್ಲಿನವರು ಕಾಲು ನೆಲಕ್ಕೆ ಉಜ್ಜಿ ನಿಲ್ಲಿಸೋದನ್ನು ನಾವೆಲ್ಲ ನೋಡಿದ್ದೇವೆ. ಭಾಯ್ ಕೂಡ ಒಪ್ಪಿಕೊಂಡರು: "ಮಳೇಲಿ ಅಲ್ಲಾನೇ ಬ್ರೇಕು." ಅಲ್ಯೂಮಿನಿಯಂ ರಿಮ್ಮು ಇದಕ್ಕಿಂತ ಎಷ್ಟೋ ಮೇಲು. ಅದರಲ್ಲೂ ಒದ್ದೆ ಇದ್ದಾಗ ಮೊದಲ ಸುತ್ತು ನೀರು ಒರೆಸೋದಕ್ಕೇ ಹೋಗುತ್ತೆ, ಆಮೇಲೇ ಹಿಡಿತ. ಆ ಒಂದು ಸುತ್ತು ಅಂದ್ರೆ ಎರಡು ಮೀಟರಿಗೂ ಹೆಚ್ಚು ರಸ್ತೆ.

ಎರಡು ಚಕ್ರಕ್ಕೂ ಒಂದೇ ಥರದ ಬ್ರೇಕ್ ಯಾಕೆ ಬೇಕು ಅಂತ ಕೇಳಿದ್ದು ಎಲೆಕ್ಟ್ರಾನಿಕ್ಸಿನವನು. ಮೆಕ್ಯಾನಿಕಲ್‌ನವರು ಮೂರು ಜನ ಇದ್ದೂ ಹೊಳೆದಿರಲಿಲ್ಲ, ಹೊಟ್ಟೆ ಉರಿಯಿತು. ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ವಾಲುತ್ತೆ. ಸವಾರನ ಭಾರಕೇಂದ್ರ ನೆಲದಿಂದ ಸುಮಾರು 1.1 ಮೀಟರ್ ಮೇಲೆ, ಮುಂದಿನ ಚಕ್ರದಿಂದ 0.6 ಮೀಟರ್ ಹಿಂದೆ ಅಂತ ಇಟ್ಟುಕೊಳ್ಳಿ. ಸಮತಟ್ಟು ರಸ್ತೆಯಲ್ಲೇ ವೇಗ ತಗ್ಗುವ ದರ ಗುರುತ್ವದ ಅರ್ಧದಷ್ಟಾಗುವ ಹೊತ್ತಿಗೆ ಹಿಂದಿನ ಚಕ್ರದ ಮೇಲೆ ಭಾರವೇ ಉಳಿಯಲ್ಲ. ಇಳಿಜಾರಲ್ಲಿ ಅದಕ್ಕೂ ಮುಂಚೆ. ಅಂದ್ರೆ ಜೋರಾಗಿ ನಿಲ್ಲಿಸುವಾಗ ಕೆಲಸ ಮಾಡೋದು ಮುಂದಿನ ಬ್ರೇಕು. ಹಿಂದಿನದಕ್ಕೆ ಎಷ್ಟೇ ಬಲ ಕೊಟ್ಟರೂ ಚಕ್ರ ಜಾರುತ್ತೆ ಅಷ್ಟೆ. ಬಲ ಬೇಕಾದ್ದು ಮುಂದೆ. ಹಿಂದಿನದಕ್ಕೆ ಅಷ್ಟು ಬೇಡ, ಅಲ್ಲಿ ಕೆಸರಿಗೆ ಜಾಗ ಬಿಡಬಹುದು.

ಮುಂದಕ್ಕೆ ಮಿನಿ ವಿ, ಹಿಂದಕ್ಕೆ ಕ್ಯಾಂಟಿಲಿವರ್ ಅಂತ ಅಲ್ಲಿಗೆ ತೀರ್ಮಾನವಾಯಿತು. ಮುಂದೆ ಕ್ಯಾಂಟಿಲಿವರ್ ಬೇಡ ಅನ್ನೋದಕ್ಕೆ ಇನ್ನೊಂದು ಕಾರಣವೂ ಇತ್ತು, ಅದು ನಮಗೆ ಬಹಳ ಹಿಡಿಸಿದ ವಿಷಯ. ಕ್ಯಾಂಟಿಲಿವರಿನ ಕೇಬಲ್ಲನ್ನು ಮೇಲೆ ಹ್ಯಾಂಡಲ್ಲಿನ ಬುಡದಲ್ಲಿ ಒಂದು ಕ್ಲಿಪ್ಪಿಗೆ ನಿಲ್ಲಿಸಿರ್ತಾರೆ. ಬ್ರೇಕ್ ಹಿಡಿದಾಗ ಫೋರ್ಕು ಹಿಂದಕ್ಕೆ ಒಂಚೂರು ಬಾಗುತ್ತೆ. ಬಾಗಿದಾಗ ಕ್ಲಿಪ್ಪಿಗೂ ಬ್ರೇಕಿಗೂ ನಡುವಿನ ದೂರ ಹೆಚ್ಚುತ್ತೆ, ಕೇಬಲ್ ತಾನಾಗಿ ಬಿಗಿಯುತ್ತೆ, ಬ್ರೇಕ್ ಇನ್ನೂ ಹಿಡಿಯುತ್ತೆ, ಫೋರ್ಕು ಇನ್ನೂ ಬಾಗುತ್ತೆ. ಕೊನೆಗೆ ಟೈರ್ ಜಾರಿ ಎಲ್ಲ ಒಮ್ಮೆಲೇ ಸಡಿಲ, ಮತ್ತೆ ಮೊದಲಿಂದ. ಇಡೀ ಮುಂಭಾಗ ಗಡಗಡ ನಡುಗುತ್ತೆ. ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಇದು ಪಾಸಿಟಿವ್ ಫೀಡ್‌ಬ್ಯಾಕ್. ಸುಲಿದ ಬೆರಳಲ್ಲಿ ಆ ನಡುಕ ಹಿಡಿಯೋದು ಹೇಗಿರುತ್ತೆ ಅಂತ ಅವನನ್ನು ಕೇಳುವ ಅಗತ್ಯ ಇರಲಿಲ್ಲ. ವಿ-ಬ್ರೇಕಿನಲ್ಲಿ ಕೇಬಲ್ಲಿನ ಹೊರಕವಚ ಬ್ರೇಕಿನ ತೋಳಿನವರೆಗೂ ಬರುತ್ತೆ, ಹಾಗಾಗಿ ಈ ಕಾಟ ಇಲ್ಲ.

ಮಿನಿ ವಿಗೆ ಒಂದು ಬೆಲೆ ಕೊಡಬೇಕಾಯ್ತು. ತೋಳು ಗಿಡ್ಡ ಆದ್ದರಿಂದ ಕೇಬಲ್ ಟೈರಿನ ನೆತ್ತಿಗೆ ಹತ್ತಿರದಲ್ಲೇ ಹಾದುಹೋಗುತ್ತೆ. 35 ಮಿ.ಮೀ. ಟೈರ್ ಹಾಕಿದರೆ ಕೆಸರಿಗೆ ಉಸಿರಾಡೋಕೆ ಜಾಗವಿಲ್ಲ. ಮುಂದಿನದು 32 ಮಾಡಿದ್ವಿ, ಹಿಂದಿನದು 35 ಉಳಿಯಿತು. ಮಡ್‌ಗಾರ್ಡ್ ಹಾಕೋ ಆಸೆ ಬಿಟ್ಟಾಯ್ತು, ಅವನ ಶರ್ಟಿನ ಬೆನ್ನಿಗೆ ಅದು ಗೊತ್ತು.

ಇನ್ನು ಬಲಗೈ. ನಮ್ಮಲ್ಲಿ ಬಲಗೈ ಲಿವರ್ ಮುಂದಿನ ಬ್ರೇಕಿಗೆ. ಅವನ ಬಲಗೈಯೇ ಸೋತದ್ದು, ಎಡಗೈಗೆ ಬದಲಾಯಿಸೋಣ ಅಂತ ಇಬ್ಬರು, ಬೇಡ ಅಂತ ಇಬ್ಬರು. ಅರ್ಧ ದಿನ ಇದೇ ವಾದ. ಬೇಡ ಅಂದವರ ಮಾತು: ಮನೆಯಲ್ಲಿ ಅವನು ಅಪ್ಪನ ಸೈಕಲ್ಲನ್ನೂ ಓಡಿಸ್ತಾನೆ, ಗಾಬರಿಯಲ್ಲಿ ಕೈ ಯೋಚನೆ ಮಾಡಲ್ಲ, ಅಭ್ಯಾಸ ಇದ್ದ ಕಡೆ ಹೋಗುತ್ತೆ. ಕೊನೆಗೆ ಅವನೇ ಹೇಳಿದ, "ಬಲಗೈಯಲ್ಲೇ ಇರ್ಲಿ. ಅದಕ್ಕೇ ತಾನೆ ಹಗುರ ಬ್ರೇಕ್ ಹಾಕ್ತಿರೋದು." ವಾದ ಅಲ್ಲಿಗೆ ನಿಂತಿತು.

ಜೋಡಿಸಿದ್ದು ಎಂಜಿನಿಯರ್ಸ್ ಡೇ ವಾರದಲ್ಲಿ. ಡಿಪಾರ್ಟ್‌ಮೆಂಟಿನಲ್ಲಿ ಸೆಪ್ಟೆಂಬರ್ 15ಕ್ಕೆ ವಿಶ್ವೇಶ್ವರಯ್ಯನವರ ಫೋಟೋಗೆ ಹಾರ, ಬ್ಯಾನರು, ಭಾಷಣದ ತಯಾರಿ. ಅವರ ಮುದ್ದೇನಹಳ್ಳಿ ಚಿಕ್ಕಬಳ್ಳಾಪುರದ ಪಕ್ಕದಲ್ಲೇ ಇರೋದ್ರಿಂದ ಈ ಕಡೆ ಕಾಲೇಜುಗಳಲ್ಲಿ ಆ ದಿನ ಸ್ವಲ್ಪ ಜೋರೇ. ನಾವು ಭಾಯ್ ಅಂಗಡಿಯಲ್ಲಿ ಕೈ ಕಪ್ಪು ಮಾಡಿಕೊಂಡು ಕೂತಿದ್ದೆವು. ಮಿನಿ ವಿ ಕೆಲಸ ಮಾಡಬೇಕಾದರೆ ರಿಮ್ಮು ನೆಟ್ಟಗಿರಬೇಕು. ಭಾಯ್ ಮುಂದಿನ ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಮೀಟಿ, ಶಬ್ದ ಕೇಳಿ, ಕಾಲು ಸುತ್ತು ಬಿಗಿದು, ಅರ್ಧ ಸುತ್ತು ಸಡಿಲಿಸಿ ಬೆಂಡ್ ತೆಗೆದರು. ನಮ್ಮ ಡಯಲ್ ಗೇಜ್ ತಂದು ಇಟ್ಟು ನೋಡಿದರೆ ಮುಳ್ಳು ಅಲ್ಲಾಡಿದ್ದು ಅರ್ಧ ಮಿ.ಮೀ.ಗೂ ಕಡಿಮೆ. ಅವರು ಗೇಜಿನ ಕಡೆ ತಿರುಗಿಯೂ ನೋಡಲಿಲ್ಲ.

ಮಣ್ಣಿನ ದಾರಿಯಲ್ಲಿ ಮುಂದಿನ ರಬ್ಬರ್ ಉಜ್ಜುವುದು ಆದರೂ ಉಳಿದಿತ್ತು. ಅದಕ್ಕೆ ಸಿಕ್ಕ ಉಪಾಯ ಬಹಳ ಸಣ್ಣದು: ಕೇಬಲ್ಲಿನ ನಡುವೆ, ಹ್ಯಾಂಡಲ್ಲಿನ ಹತ್ತಿರ ಕೈಗೆ ಸಿಗುವ ಹಾಗೆ ಒಂದು ತಿರುಪಿನ ಅಡ್ಜಸ್ಟರ್. ಒಂದು ಸುತ್ತು ತಿರುಗಿಸಿದರೆ ಕೇಬಲ್ ಸುಮಾರು ಒಂದು ಮಿ.ಮೀ. ಬಿಗಿಯುತ್ತೆ. ಮೂರು ಸುತ್ತಿಗೆ ಮೂರು ಮಿ.ಮೀ., ರಬ್ಬರಿನಲ್ಲಿ ಅದು ತಲಾ ಅರ್ಧ ಮಿ.ಮೀ. ತೋಟದ ದಾರಿಯಲ್ಲಿ ಹೋಗುವಾಗ ಸಡಿಲ ಇಟ್ಟರೆ ಅಂತರ ಒಂದೂವರೆ ಮಿ.ಮೀ. ಹತ್ತಿರ, ಲಿವರ್ ಹ್ಯಾಂಡಲ್ಲಿಗೆ ತಾಗುವಷ್ಟು ಒಳಗೆ ಬರುತ್ತೆ, ಬ್ರೇಕ್ ಮೆತ್ತಗೆ, ಆದರೆ ಅಲ್ಲಿ ವೇಗವೂ ಇಲ್ಲ. ಡಾಂಬರು ಹತ್ತುವ ಜಾಗದಲ್ಲಿ ನಿಂತು, ನೀರಿನ ಬಾಟಲಿಯಿಂದ ರಿಮ್ಮಿಗೆ ಒಂದು ಗುಟುಕು ಸುರಿದು, ಮಣ್ಣು ಕೆರೆದು, ಮೂರು ಸುತ್ತು ಬಿಗಿದರೆ ಅಂತರ ಒಂದು ಮಿ.ಮೀ., ಎರಡು ಬೆರಳಲ್ಲಿ ಹಿಡಿಯೋ ಬ್ರೇಕು. ಕೇಬಲ್ಲಿನ ಲೆಕ್ಕದಲ್ಲಿ ಅದೇ 6. ಎಲ್ಲಿ ಯಾವುದು ಬೇಕೋ ಅಲ್ಲಿ ಅದನ್ನು ಇಟ್ಟುಕೊಳ್ಳೋ ಅವಕಾಶ ಮಾತ್ರ ಅವನ ಕೈಗೆ ಬಂತು.

ಮೊದಲ ಪರೀಕ್ಷೆ ಬೆಳಗ್ಗೆ ಏಳೂವರೆಗೆ, ಅವನು ಬೇಸಿನ್ನಿನಿಂದ ಎದ್ದು ಬಂದ ಮೇಲೇ ಮಾಡಿದ್ವಿ. ಸಂಜೆಯ ಕೈಯಲ್ಲಿ ಪರೀಕ್ಷೆ ಮಾಡಿ ಪ್ರಯೋಜನವಿಲ್ಲ. ಇಳಿಜಾರಲ್ಲಿ ರಸ್ತೆಗೆ ಸೀಮೆಸುಣ್ಣದ ಗೆರೆ ಎಳೆದು, ಒಬ್ಬ ಕೆಳಗೆ, ಒಬ್ಬ ಮೇಲೆ ನಿಂತು ವಾಹನ ನೋಡ್ಕೊಂಡ್ವಿ. ಅವರಮ್ಮ ಶೆಡ್ಡಿನಿಂದ ಸೆರಗಿಗೆ ಕೈ ಒರೆಸಿಕೊಂಡು ಬಂದು ನಿಂತಿದ್ದರು. "ಏನ್ರಪ್ಪಾ, ಕಾಲೇಜಲ್ಲಿ ಇದನ್ನೇ ಹೇಳಿಕೊಡ್ತಾರಾ?" ಅಂದರು. ಹೌದು ಅಂದ್ವಿ. ಮೂರು ಸಲ ಒಣ ರಸ್ತೆಯಲ್ಲಿ, ಮೂರು ಸಲ ರಿಮ್ಮಿಗೆ ನೀರು ಹಾಕಿ. ಒದ್ದೆಯಲ್ಲಿ ಗೆರೆ ದಾಟಿ ಹೋದ, ಅದು ಮೊದಲೇ ಗೊತ್ತಿದ್ದ ವಿಷಯ. ಆದರೆ ನೇರವಾಗಿ, ನಡುಕವಿಲ್ಲದೆ ನಿಂತ. ಬೆರಳು ಹೇಗಿದೆ ಅಂತ ಕೇಳಿದ್ದಕ್ಕೆ, "ಇದೆ" ಅಂದ.

ಈಗ ಐದು ತಿಂಗಳಾಯ್ತು. ಮುಂದಿನ ರಬ್ಬರ್ ಒಂದು ಜೊತೆ ಸವೆದು ಹೋಗಿದೆ, ಮರಳಿಗೆ. ರಿಮ್ಮಿನ ಮೈಯಲ್ಲೂ ಸಣ್ಣ ತಗ್ಗು ಕಾಣ್ತಿದೆ. ರಿಮ್ ಬ್ರೇಕಿನಲ್ಲಿ ರಿಮ್ಮು ಕೂಡ ಸವೆಯುವ ಭಾಗವೇ. ತಗ್ಗು ಆಳವಾದರೆ ಗಾಳಿಯ ಒತ್ತಡಕ್ಕೆ ಅಂಚು ಬಿರಿಯುತ್ತೆ, ಅಷ್ಟರೊಳಗೆ ಬದಲಿಸಬೇಕು. ಸ್ಟೀಲ್ ಸ್ಕೇಲ್ ಅಡ್ಡ ಇಟ್ಟು ತಿಂಗಳಿಗೊಮ್ಮೆ ನೋಡ್ತಿದ್ದೇವೆ. ಹಿಂದಿನ ಕ್ಯಾಂಟಿಲಿವರ್ ಕಿರುಚುತ್ತೆ. ರಬ್ಬರಿನ ಮುಂದಿನ ತುದಿ ಮೊದಲು ತಾಗುವ ಹಾಗೆ ಓರೆ ಮಾಡಿ ಕೂರಿಸಿದರೆ ನಿಲ್ಲುತ್ತೆ ಅಂತಾರೆ. ಹಳೇ ಸಿಮ್ ಕಾರ್ಡ್ ಚೂರು ಹಿಂದಿನ ತುದಿಗೆ ಕೊಟ್ಟು ಬಿಗಿದ್ವಿ, ಒಂದು ವಾರ ಸುಮ್ಮನಿತ್ತು, ಮತ್ತೆ ಶುರು. ಸರಿ ಮಾಡ್ತೀವಿ ಅಂದ್ರೆ ಅವನು ಬೇಡ ಅಂತಾನೆ. ಸಂಜೆ ತೋಟದ ತಿರುವಿನಲ್ಲಿ ಆ ಶಬ್ದ ಕೇಳಿದ ಕೂಡಲೇ ಅವರಮ್ಮ ಒಲೆ ಮೇಲೆ ಟೀಗೆ ಇಡ್ತಾರಂತೆ.